ತಾತನ ಹಾಯಿದೋಣಿಯ ತಳ ನೋಡಿ

ಮನೆಯ ಅಟ್ಟದಲ್ಲೋ ಶೋಕೇಸಿನಲ್ಲೋ ತಾತ ಕೈಯಾರೆ ಮಾಡಿದ ಮರದ ಹಾಯಿದೋಣಿ ಇದ್ದರೆ, ಮೊದಲು ಅದರ ತಳ ನೋಡಿ. ಅಲಂಕಾರಕ್ಕೆ ಮಾಡಿದ್ದೋ, ನೀರಿಗೆ ಬಿಡಲು ಮಾಡಿದ್ದೋ ಎಂಬುದು ಅಲ್ಲಿಯೇ ತಿಳಿಯುತ್ತದೆ. ತಳದಿಂದ ಹಲಗೆಯೊಂದು ಆಳಕ್ಕೆ ಚಾಚಿ, ಅದರ ತುದಿಯಲ್ಲಿ ಸೀಸದ ಗಟ್ಟಿ ಕೂತಿದ್ದರೆ ಅದು ನೀರಿಗೆಂದೇ ಮಾಡಿದ ದೋಣಿ. ಈ ಹಲಗೆಗೆ ಕೀಲ್ ಎಂದು ಹೆಸರು.

ದೊಡ್ಡ ಹಾಯಿಹಡಗಿನ ಎಲ್ಲ ಅಳತೆಗಳನ್ನೂ ಹತ್ತನೇ ಒಂದಕ್ಕೆ ಇಳಿಸಿ ಮಾದರಿ ಮಾಡಿದರೆ ನೋಡಲು ಥೇಟ್ ಹಡಗೇ. ಆದರೆ ಆಷಾಢದಲ್ಲಿ ಚನ್ನರಾಯಪಟ್ಟಣದ ಅಮಾನಿಕೆರೆಗೆ ಬಿಟ್ಟರೆ ಮೊದಲ ಗಾಳಿಗೇ ಮಗುಚೀತು. ಹಾಯಿಯ ವಿಸ್ತೀರ್ಣ ನೂರರಲ್ಲಿ ಒಂದು ಪಾಲು, ಹಾಯಿಗಂಬದ ಎತ್ತರ ಹತ್ತರಲ್ಲಿ ಒಂದು ಪಾಲು. ಹಾಗಾಗಿ ದೋಣಿಯನ್ನು ಮಗುಚುವ ಶಕ್ತಿ ಸಾವಿರದಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಆದರೆ ತೂಕವೇ ಸಾವಿರದಲ್ಲೊಂದು ಪಾಲಾಗಿ, ಅದು ಕೆಲಸ ಮಾಡುವ ಅಂತರವೂ ಹತ್ತರಲ್ಲೊಂದು ಪಾಲಾಗುವುದರಿಂದ, ದೋಣಿಯನ್ನು ನೆಟ್ಟಗೆ ನಿಲ್ಲಿಸುವ ಶಕ್ತಿ ಹತ್ತು ಸಾವಿರದಲ್ಲಿ ಒಂದು ಪಾಲಿಗೆ ಕುಸಿಯುತ್ತದೆ. ದೋಣಿ ಚಿಕ್ಕದಾಯಿತು, ಗಾಳಿ ಚಿಕ್ಕದಾಗಲಿಲ್ಲ. ಅದಕ್ಕೇ ತಿಳಿದವರು ಕೀಲನ್ನು ಲೆಕ್ಕಕ್ಕಿಂತ ಆಳವಾಗಿಸಿ, ನೀರಿಗಿಂತ ಹನ್ನೊಂದು ಪಟ್ಟು ಸಾಂದ್ರವಾದ ಸೀಸವನ್ನು ಅದರ ತುದಿಗೆ ಇಡುತ್ತಾರೆ.

ಕೀಲಿಗೆ ಇನ್ನೊಂದು ಕೆಲಸವೂ ಇದೆ. ಓರೆಯಾಗಿ ಬೀಸುವ ಗಾಳಿ ಹಾಯಿಯನ್ನು ಮುಂದಕ್ಕಿಂತ ಪಕ್ಕಕ್ಕೇ ಹೆಚ್ಚು ತಳ್ಳುತ್ತದೆ. ಕೀಲ್ ದೋಣಿಯನ್ನು ಪಕ್ಕಕ್ಕೆ ಸರಿಯಲು ಬಿಡದು; ದೋಣಿಗೆ ಮುಂದೆ ಸಾಗುವುದೊಂದೇ ದಾರಿ.

ವೇಗದ ಲೆಕ್ಕವೂ ಬೇರೆಯೇ. ದೋಣಿ ತಾನೇ ಎಬ್ಬಿಸುವ ಅಲೆ ಅದರ ವೇಗಕ್ಕೆ ಮಿತಿ ಹಾಕುತ್ತದೆ. ಆ ಮಿತಿ ಉದ್ದದ ವರ್ಗಮೂಲವನ್ನು ಅನುಸರಿಸುತ್ತದೆ. ಒಂದು ಮೀಟರ್ ಉದ್ದದ ದೋಣಿಗೆ ಸುಮಾರು ಗಂಟೆಗೆ 4.5 ಕಿ.ಮೀ., 16 ಮೀಟರಿನದಕ್ಕೆ 18 ಕಿ.ಮೀ. 1870ರ ದಶಕದಲ್ಲಿ ಇಂಗ್ಲೆಂಡಿನ ಎಂಜಿನಿಯರ್ ವಿಲಿಯಂ ಫ್ರೂಡ್ ಉದ್ದನೆಯ ತೊಟ್ಟಿಯಲ್ಲಿ ಮಾದರಿಗಳನ್ನು ಎಳೆದು, ಈ ನಿಯಮದಿಂದ ನಿಜವಾದ ಹಡಗಿನ ವರ್ತನೆಯನ್ನು ಮುಂಚೆಯೇ ಲೆಕ್ಕ ಹಾಕಬಹುದೆಂದು ತೋರಿಸಿಕೊಟ್ಟರು.

ಆ ವಿದ್ಯೆ ನಮ್ಮ ಕರಾವಳಿಯ ಹಡಗೊಂದಕ್ಕೂ ಆಸರೆಯಾಯಿತು. 2025ರ ಮೇ 21ರಂದು ಕಾರವಾರದಲ್ಲಿ ನೌಕಾಪಡೆಗೆ ಸೇರಿದ ಐಎನ್‌ಎಸ್‌ವಿ ಕೌಂಡಿನ್ಯ, ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿದು ಕಟ್ಟಿದ ಹಾಯಿಹಡಗು. ಅದರ ಮೂಲ ಅಜಂತಾದ ಗುಹಾಚಿತ್ರ. ಹಳೆಯ ನಕ್ಷೆ ಒಂದೂ ಉಳಿದಿರಲಿಲ್ಲ. ಆಕಾರವನ್ನು ಹೊಸದಾಗಿ ಊಹಿಸಿ, ಮದ್ರಾಸ್ ಐಐಟಿಯಲ್ಲಿ ಅದರ ಮಾದರಿಯನ್ನು ನೀರಿನಲ್ಲಿ ಪರೀಕ್ಷಿಸಬೇಕಾಯಿತು.

ಮನೆಯ ಹಳೆಯ ದೋಣಿಗೂ ನಕ್ಷೆ ಇರುವುದು ಅಪರೂಪ. ದೋಣಿಯೇ ಅದರ ನಕ್ಷೆ. ಆದ್ದರಿಂದ ಉಜ್ಜುವ, ಬಣ್ಣ ಬಳಿಯುವ ಮುನ್ನ ಉದ್ದ, ಅಗಲ, ಕೀಲಿನ ಆಳ, ಹಾಯಿಗಂಬದ ಎತ್ತರ ಅಳೆದು ಬರೆದಿಡಿ. ಹಾಯಿಯ ಆಕಾರವನ್ನು ಕಾಗದದ ಮೇಲೆ ಗೆರೆ ಎಳೆದು ಉಳಿಸಿಕೊಳ್ಳಿ. ವರ್ಷಗಟ್ಟಲೆ ಒಣಗಿದ ಮರದ ಸಂದುಗಳು ಬಿಟ್ಟುಕೊಂಡಿರುತ್ತವೆ, ನೇರ ಕೆರೆಗೆ ಬಿಡಬೇಡಿ; ಮೊದಲು ತೊಟ್ಟಿಯಲ್ಲಿ ತೇಲಿಸಿ ನೋಡಿ. ಸೀಸ ವಿಷಕಾರಿ, ಮುಟ್ಟಿದ ಮೇಲೆ ಕೈ ತೊಳೆಯಿರಿ. ಮಾಡಿದವರ ಹೆಸರು, ವರ್ಷ, ಮರದ ಜಾತಿಯನ್ನು ಒಂದು ಚೀಟಿಯಲ್ಲಿ ಬರೆದು ದೋಣಿಯ ಜೊತೆಗಿಡಿ. ಅಷ್ಟಿದ್ದರೆ ಮೊಮ್ಮಕ್ಕಳು ಅಂಥದ್ದೇ ಇನ್ನೊಂದನ್ನು ಕಟ್ಟಬಲ್ಲರು.