ಸೀಟು ಎರಡು, ಜೇಬು ಒಂದೇ

ನೀಟ್ ಫಲಿತಾಂಶ ಬಂದ ದಿನ ಮನೆಗೆ ಬಂದವರೆಲ್ಲ ರ‍್ಯಾಂಕ್ ಕೇಳುತ್ತಾರೆ. ವಾರ ಕಳೆದ ಮೇಲೆ ಯಾವ ಕಾಲೇಜು ಅಂತ ಕೇಳುತ್ತಾರೆ. ದುಡ್ಡಿನ ಮಾತು ಬರುವುದು ಮಾತ್ರ ಸೀಟು ಹಂಚಿಕೆಯಾದ ರಾತ್ರಿ, ಶುಲ್ಕ ಕಟ್ಟಲು ಕೆಲವೇ ದಿನ ಉಳಿದಿರುವಾಗ. ಆಗ ಅಪ್ಪ ಬ್ಯಾಂಕಿಗೆ ಓಡುತ್ತಾರೆ, ಅಮ್ಮ ಒಡವೆಯ ಡಬ್ಬಿ ತೆಗೆಯುತ್ತಾರೆ. ಎಂಬಿಬಿಎಸ್ ಮುಗಿಸಿ ಇಂಟರ್ನಿಯಾಗಿರುವ ನನಗೆ ಪ್ರತಿ ಕೌನ್ಸೆಲಿಂಗ್ ಸಮಯದಲ್ಲೂ ಊರಿನ ಕಿರಿಯರಿಂದ ಫೋನ್ ಬರುತ್ತದೆ. ‘ಅಕ್ಕಾ, ಎರಡು ಕಡೆ ಸೀಟು ಬಂದಿದೆ, ಯಾವುದು ಒಳ್ಳೆಯದು?’ ಅಂತ ಶುರುವಾದ ಮಾತು ಹತ್ತು ನಿಮಿಷದಲ್ಲಿ ಹಣಕ್ಕೇ ಬಂದು ನಿಲ್ಲುತ್ತದೆ.

ಅಮೆರಿಕದಲ್ಲಿ ವೈದ್ಯಕೀಯ ಓದಲು ಹೊರಟವರು ನಾಲ್ಕೈದು ಕಾಲೇಜುಗಳ ಪ್ರವೇಶ ಪತ್ರಗಳನ್ನೂ, ಆ ಕಾಲೇಜುಗಳು ಕೊಡುವ ನೆರವಿನ ವಿವರವನ್ನೂ ಎದುರಿಗಿಟ್ಟುಕೊಂಡು ಕೆಲವು ವಾರ ಯೋಚಿಸಬಹುದಂತೆ. ನಮ್ಮ ವ್ಯವಸ್ಥೆ ಅಷ್ಟು ನಿಧಾನವಾದದ್ದಲ್ಲ. ಕೆಇಎ ತಂತ್ರಾಂಶ ನೀವು ಕೊಟ್ಟ ಆದ್ಯತಾ ಪಟ್ಟಿಯನ್ನು ಮೇಲಿನಿಂದ ನೋಡುತ್ತಾ ಬಂದು, ನಿಮ್ಮ ರ‍್ಯಾಂಕಿಗೆ ಸಿಗುವ ಮೊದಲ ಸೀಟನ್ನು ಕೊಟ್ಟು ಮುಗಿಸುತ್ತದೆ. ಅದರ ಕೆಳಗಿನ ಆಯ್ಕೆಗಳು ಆ ಸುತ್ತಿಗೆ ಅಲ್ಲೇ ಸತ್ತಂತೆ. ಅಂದರೆ ತೂಗಿ ನೋಡುವ ಕೆಲಸವೆಲ್ಲ ಆಪ್ಷನ್ ಎಂಟ್ರಿಯ ದಿನವೇ ಆಗಬೇಕು. ಅವತ್ತು ಪಟ್ಟಿಯ ಪಕ್ಕದಲ್ಲಿ ಶುಲ್ಕದ ಕಾಲಂ ಬರೆದುಕೊಂಡು ಕೂತವರನ್ನು ನಾನು ನೋಡಿರುವುದು ಕಡಿಮೆ.

ಆ ಕಾಲಂ ಯಾಕೆ ಬೇಕು ಅಂದರೆ, ಒಂದೇ ಖಾಸಗಿ ಕಾಲೇಜು ಪಟ್ಟಿಯಲ್ಲಿ ಬೇರೆ ಬೇರೆ ಬೆಲೆಯಲ್ಲಿ ಕಾಣಿಸುತ್ತದೆ. ಸರ್ಕಾರಿ ಕೋಟಾದ ಸೀಟು ಒಂದು, ಖಾಸಗಿ ಕೋಟಾದ ಸೀಟು ಇನ್ನೊಂದು, ಎನ್‌ಆರ್‌ಐ ಮತ್ತಿತರೆ ಸೀಟುಗಳು ಮಗದೊಂದು. ಈಚಿನ ವರ್ಷಗಳಲ್ಲಿ ರಾಜ್ಯದ ಸರ್ಕಾರಿ ವೈದ್ಯಕೀಯ ಕಾಲೇಜಿನ ವಾರ್ಷಿಕ ಶುಲ್ಕ ಅರವತ್ತು ಸಾವಿರ ರೂಪಾಯಿಯ ಆಸುಪಾಸಿನಲ್ಲಿದ್ದರೆ, ಖಾಸಗಿ ಕಾಲೇಜಿನ ಸರ್ಕಾರಿ ಕೋಟಾ ಸೀಟಿಗೆ ಸುಮಾರು ಒಂದೂವರೆ ಲಕ್ಷ, ಅದೇ ಕಾಲೇಜಿನ ಖಾಸಗಿ ಕೋಟಾ ಸೀಟಿಗೆ ಹತ್ತು ಲಕ್ಷಕ್ಕೂ ಹೆಚ್ಚು. ಡೀಮ್ಡ್ ವಿಶ್ವವಿದ್ಯಾಲಯಗಳಲ್ಲಿ ವರ್ಷಕ್ಕೆ ಇಪ್ಪತ್ತು ಲಕ್ಷ ದಾಟುವುದೂ ಉಂಟು. ‘ಸರ್ಕಾರಿ ಕೋಟಾ’ ಎಂಬ ಹೆಸರು ಕೇಳಿ ಸರ್ಕಾರಿ ಕಾಲೇಜಿನ ಖರ್ಚೇ ಇರುತ್ತದೆ ಎಂದು ನಂಬುವವರು ಬಹಳ. ಬೋಧನಾ ಶುಲ್ಕ ಕಡಿಮೆ ಇರಬಹುದು, ಆದರೆ ಹಾಸ್ಟೆಲ್ಲು, ಮೆಸ್ಸು, ಇತರೆ ಶುಲ್ಕಗಳು ಖಾಸಗಿ ಕಾಲೇಜಿನವೇ.

ಇಷ್ಟಾದರೂ ಎರಡು ಸೀಟು ಒಟ್ಟಿಗೆ ಕೈಗೆ ಬರುವ ಒಂದು ಸಣ್ಣ ಅವಧಿ ಇದೆ. ಸರ್ಕಾರಿ ಕಾಲೇಜುಗಳ ಶೇ 15ರಷ್ಟು ಸೀಟುಗಳು ಅಖಿಲ ಭಾರತ ಕೋಟಾದಲ್ಲಿ ದೆಹಲಿಯ ಎಂಸಿಸಿ ಮೂಲಕ ಹಂಚಿಕೆಯಾಗುತ್ತವೆ. ರಾಜ್ಯದ ಸೀಟುಗಳನ್ನು ಕೆಇಎ ಹಂಚುತ್ತದೆ. ಎರಡೂ ಹೆಚ್ಚುಕಡಿಮೆ ಜೊತೆಜೊತೆಗೇ ನಡೆಯುತ್ತವೆ. ಎಂಸಿಸಿಯ ಮೊದಲ ಸುತ್ತಿನಲ್ಲಿ ಸಿಕ್ಕ ಸೀಟಿಗೆ ಸೇರದೆ ಬಿಟ್ಟರೂ ನಷ್ಟವಿಲ್ಲ. ಎರಡನೇ ಸುತ್ತಿನಲ್ಲಿ ಸಿಕ್ಕಿಯೂ ಸೇರದಿದ್ದರೆ ಠೇವಣಿ ಹೋಗುತ್ತದೆ. ಸರ್ಕಾರಿ ಸೀಟುಗಳಿಗೆ ಈ ಠೇವಣಿ ಸಾಮಾನ್ಯ ವರ್ಗಕ್ಕೆ ₹10,000. ಡೀಮ್ಡ್ ಸೀಟುಗಳಿಗೂ ನೋಂದಾಯಿಸಿದ್ದರೆ ₹2 ಲಕ್ಷ. ಮೂರನೇ ಸುತ್ತಿನಲ್ಲಿ ಸೇರಿದ ಮೇಲೆ ಬಿಡುವ ದಾರಿ ಮುಚ್ಚುತ್ತದೆ. ಆದ್ದರಿಂದ ತೂಗಿ ನೋಡಲು ನಿಜವಾಗಿ ಸಿಗುವುದು ಮೊದಲ ಎರಡು ಸುತ್ತುಗಳ ಸಮಯ ಮಾತ್ರ.

ನಮ್ಮ ತಾಲ್ಲೂಕಿನ ಒಬ್ಬ ಹುಡುಗಿಗೆ ಹೀಗೇ ಆಯಿತು. ಅಪ್ಪ ಹೋಬಳಿಯಲ್ಲಿ ಸಣ್ಣ ಹೋಟೆಲ್ ನಡೆಸುತ್ತಾರೆ. ಎಂಸಿಸಿಯಲ್ಲಿ ಉತ್ತರ ಭಾರತದ ಒಂದು ಸರ್ಕಾರಿ ಕಾಲೇಜು. ಕೆಇಎಯಲ್ಲಿ ಮನೆಯಿಂದ ಎರಡು ತಾಸಿನ ದಾರಿಯ ಖಾಸಗಿ ಕಾಲೇಜಿನ ಸರ್ಕಾರಿ ಕೋಟಾ ಸೀಟು. ಮನೆಯವರಿಗೆ ಎರಡನೆಯದೇ ಇಷ್ಟ. ಶನಿವಾರ ಬಸ್ ಹತ್ತಿದರೆ ಸಂಜೆಗೆ ಮನೆ, ರೋಗಿಗಳೂ ಕನ್ನಡದವರು. ಅವಳು ಒಂದು ನೋಟ್‌ಬುಕ್ಕಿನ ಹಾಳೆಯ ಮೇಲೆ ಎರಡೂ ಸೀಟುಗಳ ಐದೂವರೆ ವರ್ಷದ ಖರ್ಚನ್ನು ಬರೆದಳು. ಮೊದಲ ವರ್ಷದ ಶುಲ್ಕವನ್ನಷ್ಟೇ ನೋಡಿದಾಗ ಕಂಡ ವ್ಯತ್ಯಾಸ, ಹಾಸ್ಟೆಲ್ಲು, ಊಟ, ಪರೀಕ್ಷಾ ಶುಲ್ಕ, ಊರಿಗೆ ಬಂದುಹೋಗುವ ರೈಲಿನ ಟಿಕೆಟ್ಟು ಎಲ್ಲ ಸೇರಿಸಿದಾಗ ಇನ್ನೂ ಹಿಗ್ಗಿತು. ಕೊನೆಯ ಒಂದು ವರ್ಷ ಇಂಟರ್ನ್‌ಷಿಪ್. ಆಗ ಖರ್ಚಿನ ಬದಲು ಸ್ಟೈಪೆಂಡ್ ಬರುತ್ತದೆ. ಅದೂ ಎಲ್ಲ ಕಡೆ ಒಂದೇ ಅಲ್ಲ. ಕರ್ನಾಟಕದ ಸರ್ಕಾರಿ ಕಾಲೇಜುಗಳಲ್ಲಿ 2020ರಲ್ಲಿ ಇಂಟರ್ನಿಗಳ ಸ್ಟೈಪೆಂಡ್ ತಿಂಗಳಿಗೆ ₹30,000ಕ್ಕೆ ಏರಿತು. ಖಾಸಗಿ ಕಾಲೇಜುಗಳಲ್ಲಿ ಅಷ್ಟು ಕೈಗೆ ಬರುತ್ತದೆಯೇ ಎಂಬುದನ್ನು ಅಲ್ಲಿನ ಇಂಟರ್ನಿಗಳನ್ನೇ ಕೇಳಬೇಕು, ಕಚೇರಿಯನ್ನಲ್ಲ.

ಹಾಳೆಯ ಕೆಳಗೆ ಅವಳು ಕೆಂಪು ಶಾಯಿಯಲ್ಲಿ ಬರೆದಿದ್ದು ‘ಬಾಂಡ್’. ಹಲವು ರಾಜ್ಯಗಳಲ್ಲಿ ಸರ್ಕಾರಿ ಸೀಟು ಪಡೆದವರು ಓದು ಮುಗಿದ ಮೇಲೆ ನಿಗದಿತ ಅವಧಿ ಅಲ್ಲಿನ ಸರ್ಕಾರಿ ಆಸ್ಪತ್ರೆಯಲ್ಲಿ ಕೆಲಸ ಮಾಡಬೇಕು, ಇಲ್ಲವೇ ಲಕ್ಷಗಟ್ಟಲೆ ದಂಡ ಕಟ್ಟಬೇಕು. ಕೋರ್ಸ್ ಮಧ್ಯೆ ಸೀಟು ಬಿಟ್ಟರೆ ಕಟ್ಟಬೇಕಾದ ದಂಡ ಬೇರೆ. ಇದನ್ನು ಕೇಳಿ ಅಪ್ಪ ಬೆಚ್ಚಿದರು. ಅವಳು ಹೇಳಿದ್ದು ನನಗೆ ಸರಿ ಅನ್ನಿಸಿತು: ಬಾಂಡ್ ಅಂದರೆ ಸಂಬಳ ಬರುವ ಕೆಲಸ, ಸಾಲವಲ್ಲ. ಪಿ.ಜಿ. ಓದು ಒಂದೆರಡು ವರ್ಷ ಮುಂದೆ ಹೋಗಬಹುದು, ಅದು ನಿಜವಾದ ಬೆಲೆ. ಆ ಬೆಲೆ ಕೊಡಲು ಅವಳು ಸಿದ್ಧಳಿದ್ದಳು. ಈಗ ಅಲ್ಲಿನ ಒಪಿಡಿಯಲ್ಲಿ ಅವರ ಭಾಷೆಯಲ್ಲೇ ‘ಎಷ್ಟು ದಿನದಿಂದ ಜ್ವರ’ ಅಂತ ಕೇಳುವಷ್ಟಾಗಿದ್ದಾಳೆ.

ಪ್ರಮಾಣಪತ್ರಗಳ ವಿಷಯ ಬೇಸರದ್ದು, ಆದರೆ ನೆರವು ತಪ್ಪುವುದು ಹೆಚ್ಚಾಗಿ ಇಲ್ಲೇ. ನಾಡಕಚೇರಿಯ ಜಾತಿ ಮತ್ತು ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ ಇಲ್ಲದೆ ರಾಜ್ಯ ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ಅರ್ಜಿ ಮುಂದೆ ಹೋಗದು. 2ಎ, 3ಬಿ ಮುಂತಾದ ರಾಜ್ಯದ ಪ್ರವರ್ಗಗಳು ಎಂಸಿಸಿಯಲ್ಲಿ ಲೆಕ್ಕಕ್ಕಿಲ್ಲ. ಅಲ್ಲಿ ಕೇಂದ್ರದ ಪಟ್ಟಿಯ ಒಬಿಸಿ, ಕೆನೆಪದರಕ್ಕೆ ಸೇರದ ಪ್ರಮಾಣಪತ್ರ ಬೇಕು. ಅಪ್ಪನೋ ಅಮ್ಮನೋ ಕಾರ್ಖಾನೆಯಲ್ಲಿ ದುಡಿಯುತ್ತಾ ಇಎಸ್‌ಐ ವಿಮಾದಾರರಾಗಿದ್ದರೆ, ಬೆಂಗಳೂರಿನ ರಾಜಾಜಿನಗರ ಮತ್ತು ಕಲಬುರಗಿಯ ಇಎಸ್‌ಐ ವೈದ್ಯಕೀಯ ಕಾಲೇಜುಗಳೂ ಸೇರಿದಂತೆ ದೇಶದ ಇಎಸ್‌ಐ ಕಾಲೇಜುಗಳಲ್ಲಿ ಅವರ ಮಕ್ಕಳಿಗೆ ಪ್ರತ್ಯೇಕ ಕೋಟಾ ಇದೆ. ಗಾರ್ಮೆಂಟ್ಸ್‌ಗೆ ಹೋಗುವ ಎಷ್ಟೋ ತಾಯಂದಿರಿಗೆ ಇದು ಗೊತ್ತೇ ಇರುವುದಿಲ್ಲ. ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮ ಮತ್ತು ದೇವರಾಜ ಅರಸು ಹಿಂದುಳಿದ ವರ್ಗಗಳ ಅಭಿವೃದ್ಧಿ ನಿಗಮದ ‘ಅರಿವು’ ಸಾಲಕ್ಕೆ ತಗಲುವ ದರ ಶೇ 2 ಮಾತ್ರ. ಬ್ಯಾಂಕಿಗೆ ಹೋಗುವ ಮೊದಲು ತಟ್ಟಬೇಕಾದ ಬಾಗಿಲು ಅದು. ಇಂಥ ನೆರವು ಕೆಇಎ ಸೀಟಿಗೆ ಮಾತ್ರವೋ, ಹೊರರಾಜ್ಯದ ಸೀಟಿಗೂ ಬರುತ್ತದೆಯೋ ಎಂಬುದನ್ನು ಆಯಾ ಕಚೇರಿಯಲ್ಲಿ ಸೀಟು ಒಪ್ಪಿಕೊಳ್ಳುವ ಮುಂಚೆಯೇ ಕೇಳಿ ಬರೆದುಕೊಳ್ಳಬೇಕು. ಎರಡು ಸೀಟುಗಳ ತಕ್ಕಡಿ ಅದೊಂದರಿಂದಲೇ ಮೇಲೆ ಕೆಳಗೆ ಆದೀತು.

ಇನ್ನು ಬ್ಯಾಂಕು. ಇಲ್ಲಿರುವ ತೊಡಕು ವಿಚಿತ್ರವಾದದ್ದು. ಪ್ರವೇಶ ಪತ್ರ ತಂದರೆ ಸಾಲ ಅನ್ನುತ್ತದೆ ಬ್ಯಾಂಕು. ಶುಲ್ಕ ಕಟ್ಟಿದರೆ ಪ್ರವೇಶ ಪತ್ರ ಅನ್ನುತ್ತದೆ ಕೌನ್ಸೆಲಿಂಗ್. ನಡುವೆ ಇರುವುದು ಕೆಲವೇ ದಿನ, ಅದರಲ್ಲೊಂದು ಭಾನುವಾರ. ಹಾಗಾಗಿ ಫಲಿತಾಂಶ ಬಂದ ವಾರವೇ ಶಾಖೆಗೆ ಹೋಗಿ, ಪೋಷಕರ ಆದಾಯ, ಗುರುತಿನ ದಾಖಲೆ, ಅಂಕಪಟ್ಟಿ ಎಲ್ಲ ಕೊಟ್ಟು, ಸೀಟಿನ ಪತ್ರ ಒಂದು ಬಿಟ್ಟು ಉಳಿದದ್ದೆಲ್ಲ ಮುಗಿದಿರುವಂತೆ ನೋಡಿಕೊಳ್ಳುವುದು ಜಾಣತನ. ಜಂಟಿ ಸಾಲಗಾರರಾಗುವ ಅಪ್ಪನ ಹಳೆಯ ಟ್ರ್ಯಾಕ್ಟರ್ ಸಾಲ ಬಾಕಿಯಿದ್ದರೆ ಅದು ಹೊರಬರುವುದೂ ಈ ಹಂತದಲ್ಲೇ. ಆಗ ಸರಿಪಡಿಸಲು ಸಮಯವಾದರೂ ಇರುತ್ತದೆ. ‘ನಿಮ್ಮ ಊರು ನಮ್ಮ ಶಾಖೆಯ ವ್ಯಾಪ್ತಿಗೆ ಬರಲ್ಲ’ ಎಂದು ವಾಪಸ್ ಕಳಿಸಿದರೆ, ಶಿಕ್ಷಣ ಸಾಲಕ್ಕೆ ಆ ಕಾರಣ ಕೊಡಬಾರದೆಂದು ರಿಸರ್ವ್ ಬ್ಯಾಂಕ್ 2012ರಲ್ಲೇ ಹೇಳಿದೆ ಎಂದು ಮೆಲ್ಲಗೆ ನೆನಪಿಸಬಹುದು.

ಮತ್ತೊಂದು ಸಂಗತಿ. ಬ್ಯಾಂಕ್ ಸಾಲ ಮಂಜೂರು ಮಾಡುವುದು ಒಂದು ಕಾಲೇಜಿನ ಹೆಸರಿಗೆ. ಮುಂದಿನ ಸುತ್ತಿನಲ್ಲಿ ಮೇಲಿನ ಆಯ್ಕೆಯ ಕಾಲೇಜು ಸಿಕ್ಕರೆ ಹಳೆಯ ಸೀಟು ತಾನಾಗಿಯೇ ರದ್ದಾಗುತ್ತದೆ, ಅದರ ಹೆಸರಿನ ಮಂಜೂರಾತಿಯನ್ನೂ ಬದಲಿಸಬೇಕು. ಸೀಟು ಇಟ್ಟುಕೊಂಡು ಮುಂದಿನ ಸುತ್ತಿಗೆ ಹೋಗುವವರು ಇದನ್ನು ಮ್ಯಾನೇಜರಿಗೆ ಮೊದಲೇ ಹೇಳಿರಬೇಕು. ಕೆಇಎ ಸೀಟಿನ ಮೊದಲ ಶುಲ್ಕ ಹೋಗುವುದು ಕೆಇಎ ಚಲನ್‌ಗೆ, ಕಾಲೇಜಿನ ಖಾತೆಗಲ್ಲ ಎಂಬುದು ಎಲ್ಲ ಶಾಖೆಗಳಿಗೂ ತಿಳಿದಿರುವುದಿಲ್ಲ. ಮೂಲ ದಾಖಲೆಗಳನ್ನು ಸೀಟು ಪಡೆದ ಕಡೆ ಒಪ್ಪಿಸಬೇಕಾಗುತ್ತದೆ, ಆಮೇಲೆ ಬ್ಯಾಂಕಿನವರು ‘ಒರಿಜಿನಲ್ ತೋರಿಸಿ’ ಅಂದರೆ ಕೈ ಖಾಲಿ. ಒಪ್ಪಿಸುವ ಮುಂಚೆಯೇ ತೋರಿಸಿ, ಅವರಿಂದ ಪ್ರತಿಗಳ ಮೇಲೆ ಸಹಿ ಹಾಕಿಸಿಕೊಂಡರೆ ಒಂದು ತಲೆನೋವು ಕಡಿಮೆ.

ಸಾಲದ ಲೆಕ್ಕವನ್ನು ಒಮ್ಮೆ ಕೈಯಾರೆ ಮಾಡಿ ನೋಡಿ. ವರ್ಷಕ್ಕೆ ಒಂದೂವರೆ ಲಕ್ಷದಂತೆ ಐದು ಕಂತಿನಲ್ಲಿ ₹7.5 ಲಕ್ಷ ಪಡೆದಿರಿ ಎನ್ನೋಣ. ಸರ್ಕಾರದ ಖಾತರಿ ಯೋಜನೆಯಡಿ ಅಡಮಾನವಿಲ್ಲದೆ ಸಾಲ ಸಿಗುವ ಮಿತಿಯೂ ಅದೇ. ಬಡ್ಡಿ ಶೇ 10 ಎಂದಿಟ್ಟುಕೊಳ್ಳಿ. ಕೋರ್ಸಿನ ಐದೂವರೆ ವರ್ಷ, ಆಮೇಲೆ ಒಂದು ವರ್ಷ ಕಂತು ಕಟ್ಟಬೇಕಿಲ್ಲ, ಆದರೆ ಬಡ್ಡಿ ಓಡುತ್ತಿರುತ್ತದೆ. ಬರೀ ಸರಳ ಬಡ್ಡಿ ಹಾಕಿದರೂ ಅಷ್ಟರಲ್ಲಿ ₹3.37 ಲಕ್ಷಕ್ಕೂ ಹೆಚ್ಚು. ಅಂದರೆ ಕಂತು ಶುರುವಾಗುವ ದಿನ ನಿಮ್ಮ ತಲೆ ಮೇಲಿರುವುದು ಸುಮಾರು ₹10.87 ಲಕ್ಷ, ಹದಿನೈದು ವರ್ಷಕ್ಕೆ ಹಂಚಿದರೆ ತಿಂಗಳಿಗೆ ₹11,700ರ ಹತ್ತಿರ. ಆ ಬಡ್ಡಿಯ ಭಾರ ಇಲ್ಲದಿದ್ದರೆ ಕಂತು ₹8,100ರ ಒಳಗೆ ಇರುತ್ತಿತ್ತು. ಕುಟುಂಬದ ವಾರ್ಷಿಕ ಆದಾಯ ₹4.5 ಲಕ್ಷದೊಳಗಿದ್ದರೆ ಕೇಂದ್ರದ ಬಡ್ಡಿ ಸಹಾಯಧನ ಯೋಜನೆ ಭರಿಸುವುದು ಈ ಬಡ್ಡಿಯನ್ನೇ. 2024ರ ನವೆಂಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ, ಪಟ್ಟಿಯಲ್ಲಿರುವ ಉನ್ನತ ಸಂಸ್ಥೆಗಳಿಗೆ ಅರ್ಹತೆಯ ಮೇಲೆ ಸೇರಿದವರಿಗೆ ₹8 ಲಕ್ಷದವರೆಗಿನ ಆದಾಯಕ್ಕೂ ಶೇ 3ರ ಬಡ್ಡಿ ರಿಯಾಯಿತಿ ಇದೆ, ₹10 ಲಕ್ಷದವರೆಗಿನ ಸಾಲಕ್ಕೆ. ಮ್ಯಾನೇಜ್‌ಮೆಂಟ್ ಕೋಟಾಕ್ಕೆ ಇದು ಇಲ್ಲ. ನಿಮ್ಮ ಕೈಲಿರುವ ಎರಡು ಕಾಲೇಜುಗಳಲ್ಲಿ ಒಂದು ಆ ಪಟ್ಟಿಯಲ್ಲಿದ್ದು, ಇನ್ನೊಂದು ಇಲ್ಲದಿರಬಹುದು. ಅದೂ ತಕ್ಕಡಿಗೆ ಬೀಳಬೇಕಾದ ತೂಕವೇ.

ಕಂತು ಶುರುವಾಗುವ ಆ ಹೊತ್ತಿನಲ್ಲಿ ನಾವೇನು ಮಾಡುತ್ತಿರುತ್ತೇವೆ ಎಂಬುದನ್ನೂ ಯೋಚಿಸಬೇಕು. ನಮ್ಮ ಬ್ಯಾಚಿನ ಬಹುಪಾಲು ಮಂದಿಯ ಯೋಜನೆ ಒಂದೇ: ಇಂಟರ್ನ್‌ಷಿಪ್ ಮುಗಿಸಿ, ಒಂದು ವರ್ಷ ಮನೆಯಲ್ಲಿ ಕೂತು ನೀಟ್ ಪಿ.ಜಿ.ಗೆ ಓದುವುದು. ಸಾಲವಿಲ್ಲದವರಿಗೆ ಅದು ಓದಿನ ವರ್ಷ. ಸಾಲವಿದ್ದವರಿಗೆ ಕೊನೆಯ ವಿನಾಯಿತಿಯ ವರ್ಷ, ತಿಂಗಳು ಎಣಿಸುತ್ತಾ ಓದಬೇಕು. ಕೆಲವರು ರಾತ್ರಿ ಪಾಳಿಯ ಡ್ಯೂಟಿ ಡಾಕ್ಟರ್ ಕೆಲಸ ಹಿಡಿದು ಹಗಲು ಓದುತ್ತಾರೆ. ಹದಿನೆಂಟರ ವಯಸ್ಸಿನಲ್ಲಿ ತುಂಬಿದ ಆಪ್ಷನ್ ಇಪ್ಪತ್ತೈದಕ್ಕೆ ಹೀಗೆ ಎದುರಾಗುತ್ತದೆ.

ಹಾಗಂತ ಹತ್ತಿರದ ಖಾಸಗಿ ಕಾಲೇಜು ಎಲ್ಲರಿಗೂ ದುಬಾರಿ ಎಂದು ನಾನು ಹೇಳುತ್ತಿಲ್ಲ. ಅದೇ ವರ್ಷ ಇನ್ನೊಬ್ಬ ಹುಡುಗನಿಗೂ ಹೆಚ್ಚುಕಡಿಮೆ ಇಂಥದೇ ಎರಡು ಸೀಟು ಬಂದವು. ಅಪ್ಪ ಶಾಲಾ ಶಿಕ್ಷಕರು, ಬಡ್ಡಿ ಸಹಾಯಧನದ ಆದಾಯ ಮಿತಿ ದಾಟಿದವರು. ಆದರೆ ಖಾಸಗಿ ಕಾಲೇಜಿರುವ ಊರಿನಲ್ಲೇ ಚಿಕ್ಕಮ್ಮನ ಮನೆ. ಹಾಸ್ಟೆಲ್ಲು, ಮೆಸ್ಸಿನ ಸಾಲು ಅವನ ಹಾಳೆಯಲ್ಲಿ ಇರಲೇ ಇಲ್ಲ. ಅವನು ಹತ್ತಿರದ್ದನ್ನೇ ಆರಿಸಿಕೊಂಡ. ಓದುವ ಅವಧಿಯಲ್ಲೇ ಬಡ್ಡಿ ಕಟ್ಟುತ್ತಾ ಹೋದರೆ ದರದಲ್ಲಿ ಶೇ 1ರವರೆಗೆ ರಿಯಾಯಿತಿ ಕೊಡುವ ಅವಕಾಶ ಬ್ಯಾಂಕುಗಳಿಗಿದೆ. ಅವನ ತಂದೆ ಸಾಲದ ಪತ್ರಕ್ಕೆ ಸಹಿ ಹಾಕುವ ದಿನ ಅದನ್ನು ಕೇಳಿ ಪಡೆದರು. ಮೊದಲ ಒಂದೂವರೆ ಲಕ್ಷಕ್ಕೆ ಶೇ 10ರಂತೆ ಹಿಡಿದರೂ ತಿಂಗಳ ಬಡ್ಡಿ ₹1,250. ಅದನ್ನು ಅವನ ತಾಯಿ ಡೇರಿಯ ಹಾಲಿನ ಬಟವಾಡೆ ಬಂದ ದಿನ ತಾವೇ ಹೋಗಿ ಕಟ್ಟಿ, ರಸೀದಿಯನ್ನು ಅವನ ನೀಟ್ ಪುಸ್ತಕದ ನಡುವೆ ಇಡುತ್ತಾರೆ.