ನಿಮಗಿದು ಗೊತ್ತೇ? ಗೋಡೆಯೊಳಗಿನ ಕಂಬಗಳು

ಅಮೆರಿಕದಲ್ಲಿರುವ ಮಗಳ ಮನೆಗೆ ಹೋದವರು ಗೋಡೆ ತಟ್ಟಿ ನೋಡಿ "ಇದೇನು, ಟೊಳ್ಳು!" ಎಂದಿರುತ್ತಾರೆ. ಒಳಗಿರುವುದು ಇಟ್ಟಿಗೆಯಲ್ಲ, ಸಾಮಾನ್ಯವಾಗಿ 16 ಇಂಚಿಗೊಂದರಂತೆ ನಿಲ್ಲಿಸಿದ ಮರದ ಸಣ್ಣ ಕಂಬಗಳು. ಹೆಸರು ಸ್ಟಡ್. ದೇವರ ಪಟಕ್ಕೆ ಮೊಳೆ ಹೊಡೆಯುವ ಮುನ್ನ ನೆನಪಿರಲಿ.

* * *

'ಟೂ ಬೈ ಫೋರ್' ಎಂದು ಮಾರುವ ಸ್ಟಡ್ 2 ಇಂಚೂ ಇಲ್ಲ, 4 ಇಂಚೂ ಇಲ್ಲ. ಒಣಗಿಸಿ ನುಣುಪು ಮಾಡಿದ ಮೇಲೆ ಉಳಿಯುವುದು ಒಂದೂವರೆಗೆ ಮೂರೂವರೆ ಇಂಚು. ಎಂಜಿನಿಯರ್ ಲೆಕ್ಕ ಹಾಕುವುದೂ ಇದರ ಮೇಲೆಯೇ.

* * *

ಪೊರಕೆ ಕಡ್ಡಿಯನ್ನು ನೆಟ್ಟಗೆ ನಿಲ್ಲಿಸಿ ತಲೆಯ ಮೇಲೆ ಒತ್ತಿ. ಮುರಿಯುವ ಮೊದಲೇ ಬಾಗುತ್ತದೆ. ಇದನ್ನು 18ನೇ ಶತಮಾನದಲ್ಲಿ ಸೂತ್ರಕ್ಕೆ ಇಳಿಸಿದವನು ಗಣಿತಜ್ಞ ಆಯ್ಲರ್. ಹಾಗಾಗಿ ಕಂಬದ ಉದ್ದ, ಬಾಗುವ ದಿಕ್ಕಿನ ದಪ್ಪದ 50 ಪಟ್ಟನ್ನು ಮೀರಬಾರದು ಎನ್ನುತ್ತದೆ ಅಮೆರಿಕದ ಮರದ ಕಟ್ಟಡಗಳ ಸಂಹಿತೆ. ಎಂಟಡಿ ಎತ್ತರದ ಕೋಣೆಗೆಂದೇ ಕತ್ತರಿಸಿ ಬರುವ ಸ್ಟಡ್ಡಿನ ಉದ್ದ 92.625 ಇಂಚು. ಒಂದೂವರೆ ಇಂಚಿನಿಂದ ಭಾಗಿಸಿ: ಸುಮಾರು 62. ನಪಾಸು! ಆದರೂ ಮನೆ ನಿಂತಿದೆಯಲ್ಲ? ಕಂಬಗಳ ಮೇಲೆ ಮೊಳೆ ಹೊಡೆದ ಹಲಗೆ, ಆ ತೆಳು ದಿಕ್ಕಿಗೆ ಅವು ಬಾಗಲು ಬಿಡುವುದೇ ಇಲ್ಲ. ಇನ್ನು ಬಾಗುವುದಿದ್ದರೆ ಅಗಲದ ದಿಕ್ಕಿಗೆ. ಅಲ್ಲಿ ಲೆಕ್ಕ 26ರ ಆಸುಪಾಸು. ಹಲಗೆ ಏರುವ ತನಕ ಏನು ಗತಿ? ಕಟ್ಟುವ ಹಂತಕ್ಕೆ ಮಿತಿಯನ್ನು 75ಕ್ಕೆ ಸಡಿಲಿಸಿದ್ದಾರೆ. ಬಡಗಿಯ ಕಷ್ಟ ಬಲ್ಲವರೇ ಬರೆದಿರಬೇಕು.

* * *

ಮೊದಲು ಸೋಲುವುದು ಎಷ್ಟೋ ಸಲ ಕಂಬವಲ್ಲ, ಅದರ ಕಾಲ ಕೆಳಗೆ ಮಲಗಿದ ಪಟ್ಟಿ. ಮರ ಎಳೆಯ ಉದ್ದಕ್ಕೆ ಗಟ್ಟಿ, ಎಳೆಗೆ ಅಡ್ಡಲಾಗಿ ಒತ್ತಿದರೆ ಮೆದು. ಸ್ಪ್ರೂಸ್-ಪೈನ್ ಜಾತಿಯ ಪಟ್ಟಿಗೆ ಚದರ ಇಂಚಿಗೆ 425 ಪೌಂಡ್ ಮೂಲ ಮಿತಿ. ಒಂದು ಸ್ಟಡ್ಡಿನ ಅಡಿಯಲ್ಲಿ ಅದು ಹೆಚ್ಚುಕಡಿಮೆ 1,000 ಕಿಲೋ.

* * *

ಮರಕ್ಕೆ ಕಾಲದ ಅರಿವಿದೆ. ಹತ್ತು ವರ್ಷ ಹೊರುವ ಭಾರದ ಮಿತಿಯನ್ನು 1 ಎಂದಿಟ್ಟುಕೊಂಡರೆ, ಎರಡು ತಿಂಗಳ ಹಿಮಕ್ಕೆ ಅದು 1.15, ಹತ್ತು ನಿಮಿಷದ ಬಿರುಗಾಳಿಗೆ 1.6. ಎಂದೆಂದೂ ಇಳಿಯದ ಭಾರಕ್ಕೆ ಮಾತ್ರ 0.9.

* * *

ಭಾರ ಹೊರುವ ಸ್ಟಡ್ಡಿನ ಅಂಚನ್ನು ಅಗಲದ ಕಾಲು ಭಾಗದಷ್ಟು ಕೆತ್ತಬಹುದು. ನಡುವೆ ತೂತು ಕೊರೆಯುವುದಾದರೆ ನೂರಕ್ಕೆ 40. ಗಾಳಿ ತಳ್ಳಿ ಕಂಬ ಬಾಗಿದಾಗ ಏಟು ಹೆಚ್ಚು ಬೀಳುವುದು ಅಂಚಿಗೆ, ನಡುವಿಗಲ್ಲ. ಅದಕ್ಕೇ ಈ ತಾರತಮ್ಯ. ಮೂರೂವರೆ ಇಂಚಿನಲ್ಲಿ 40 ಎಂದರೆ 1.4 ಇಂಚು. ಎರಡಿಂಚಿನ ಪೈಪ್ ಹಿಡಿದು ಬಂದ ಪ್ಲಂಬರ್ ಬೇರೆ ದಾರಿ ಹುಡುಕಬೇಕು.