ಇಪ್ಪತ್ತೈದು ಲಕ್ಷ ಎಕರೆಯ ಮೈಲಿಗಲ್ಲು

ರಸ್ತೆಯ ಅಂಚಿನ ಮೈಲಿಗಲ್ಲು ದಾರಿಹೋಕನಿಗೆ ಎರಡು ಸಂಗತಿಗಳನ್ನು ತಿಳಿಸುತ್ತದೆ: ಎಷ್ಟು ದೂರ ಬಂದಾಯಿತು, ಇನ್ನೆಷ್ಟು ಉಳಿಯಿತು. ಆಚಾರ್ಯ ವಿನೋಬಾ ಭಾವೆಯವರ ಪಾದಯಾತ್ರೆಯನ್ನು ಮಾತ್ರ ಜನರು ಮೈಲಿಗಳಲ್ಲಿ ಅಳೆಯಲಿಲ್ಲ, ಎಕರೆಗಳಲ್ಲಿ ಅಳೆದರು. ಆ ಯಾತ್ರೆಯು 1954ರಲ್ಲಿ 25 ಲಕ್ಷ ಎಕರೆಯ ಗಡಿಯನ್ನು ದಾಟಿದಾಗ ದೇಶವೆಲ್ಲ ಬೆರಗಾಯಿತು. ನಡೆಯಬೇಕಾದ ದಾರಿ ಎಷ್ಟು ಉಳಿದಿತ್ತೆಂಬುದು ತಿಳಿದದ್ದು ಆ ಬಳಿಕ.

ಆರಂಭವಾದುದು ಯಾವ ಯೋಜನೆಯಿಂದಲೂ ಅಲ್ಲ. 1951ರ ಮಾರ್ಚಿಯಲ್ಲಿ ವಿನೋಬಾ ತಮ್ಮ ಪವನಾರ ಆಶ್ರಮದಿಂದ ಹೈದರಾಬಾದಿನ ಬಳಿಯ ಶಿವರಾಂಪಲ್ಲಿಗೆ, ಸರ್ವೋದಯ ಸಮ್ಮೇಳನಕ್ಕೆಂದು, ಕಾಲ್ನಡಿಗೆಯಲ್ಲಿ ಹೊರಟರು. ಅಲ್ಲಿಂದ ಅವರು ಹೋದುದು ತೆಲಂಗಾಣದ ಹಳ್ಳಿಗಳಿಗೆ. ನೆಲಕ್ಕಾಗಿ ರಕ್ತ ಹರಿದಿದ್ದ ಸೀಮೆ ಅದು. ಏಪ್ರಿಲ್ 18ರಂದು ನಲ್ಗೊಂಡ ಜಿಲ್ಲೆಯ ಪೋಚಂಪಲ್ಲಿಯಲ್ಲಿ ಹರಿಜನ ಕುಟುಂಬಗಳು ಬದುಕಲು 80 ಎಕರೆ ನೆಲ ಬೇಕೆಂದು ಬೇಡಿದವು. ಸರಕಾರಕ್ಕೆ ಬರೆಯುವ ಮಾತಿರಲಿ, ಊರಿನಲ್ಲೇ ಕೊಡುವವರಿಲ್ಲವೇ ಎಂದು ವಿನೋಬಾ ಸಭೆಯನ್ನು ಕೇಳಿದರು. ರಾಮಚಂದ್ರ ರೆಡ್ಡಿ ಎಂಬ ಭೂಮಾಲೀಕರು ಎದ್ದು ನಿಂತು 100 ಎಕರೆ ಕೊಡುವುದಾಗಿ ನುಡಿದರು. ಭೂದಾನ ಯಜ್ಞದ ಮೊದಲ ಆಹುತಿ ಅದೇ.

ಆಗ ವಿನೋಬಾರಿಗೆ 55 ವರ್ಷ. ಹೊಟ್ಟೆಯ ಹುಣ್ಣಿನಿಂದ ಬಳಲಿದ ಕೃಶ ದೇಹ. ಹಾಲು, ಮೊಸರುಗಳೇ ಮುಖ್ಯ ಆಹಾರ. ಆದರೂ ನಸುಕಿಗೆ ಮುನ್ನವೇ ಲಾಂದ್ರದ ಬೆಳಕಿನಲ್ಲಿ ನಡಿಗೆ ಆರಂಭವಾಗುತ್ತಿತ್ತು. ದಿನಕ್ಕೆ ಹತ್ತು ಹನ್ನೆರಡು ಮೈಲಿ, ದಿನಕ್ಕೊಂದು ಹಳ್ಳಿ, ಸಂಜೆ ಪ್ರಾರ್ಥನೆ, ಪ್ರವಚನ, ಬಳಿಕ ಯಾಚನೆ. ಐವರು ಮಕ್ಕಳಿರುವ ಮನೆಯಲ್ಲಿ ತಮ್ಮನ್ನು ಆರನೆಯವನೆಂದು ಎಣಿಸಿ, ಆರನೆಯ ಪಾಲನ್ನು ಭೂಹೀನರಿಗಾಗಿ ಕೊಡಬೇಕೆಂದು ಅವರು ಕೇಳುತ್ತಿದ್ದರು. ಭಿಕ್ಷೆಯ ದೈನ್ಯವಿಲ್ಲದೆ ಹಕ್ಕಿನಿಂದ ಕೇಳುವ ಈ ಮಾತು ನಮ್ಮ ಅವಿಭಕ್ತ ಕುಟುಂಬಗಳಿಗೆ ಒಡನೆಯೇ ಅರ್ಥವಾಯಿತು. ದೇಶದ ಸಾಗುವಳಿ ಭೂಮಿಯ ಆರನೆಯ ಒಂದಂಶವೆಂದರೆ 5 ಕೋಟಿ ಎಕರೆ. 1957ರೊಳಗೆ ಅಷ್ಟೂ ದೊರೆಯಬೇಕೆಂಬುದು ಅವರ ಗುರಿ.

1952ರ ಏಪ್ರಿಲಿನಲ್ಲಿ ಕಾಶಿಯ ಸಮೀಪದ ಸೇವಾಪುರಿಯಲ್ಲಿ ಸೇರಿದ ಕಾರ್ಯಕರ್ತರು ಮೊದಲ ಮಜಲನ್ನು ನಿಗದಿಪಡಿಸಿದರು: ಎರಡು ವರ್ಷದಲ್ಲಿ 25 ಲಕ್ಷ ಎಕರೆ. ಆ ಸೆಪ್ಟೆಂಬರಿನಲ್ಲಿ ವಿನೋಬಾ ಬಿಹಾರವನ್ನು ಹೊಕ್ಕರು. ಡಿಸೆಂಬರಿನಲ್ಲಿ ಚಾಂಡಿಲಿನಲ್ಲಿ ಮಲೇರಿಯಾ ಅವರನ್ನು ಮೃತ್ಯುವಿನ ಹೊಸ್ತಿಲಿಗೆ ಒಯ್ದಿತು. ಮೊದಲು ಔಷಧವನ್ನೇ ಒಲ್ಲೆನೆಂದವರು ಹಿತೈಷಿಗಳ ಒತ್ತಾಯಕ್ಕೆ ಮಣಿದು ಸೇವಿಸಿದರು. ಚೇತರಿಸಿಕೊಂಡು ಮತ್ತೆ ನಡೆದರು. 1954ರ ಏಪ್ರಿಲಿನಲ್ಲಿ ಬೋಧಗಯೆಯಲ್ಲಿ ಸಮ್ಮೇಳನ ಕೂಡುವ ವೇಳೆಗೆ 25 ಲಕ್ಷದ ಗಡಿ ಹಿಂದೆ ಬಿದ್ದಿತ್ತು. ಜಯಪ್ರಕಾಶ ನಾರಾಯಣರು ತಮ್ಮ ಜೀವನವನ್ನೇ ದಾನವಾಗಿ ಘೋಷಿಸಿದ್ದು ಅಲ್ಲಿಯೇ.

ಆದರೆ ದಾನಪತ್ರಕ್ಕೆ ಸಹಿ ಬೀಳುವುದು ಒಂದು ಕ್ಷಣದ ಕೆಲಸ. ಬಡವನ ನೇಗಿಲು ಆ ನೆಲಕ್ಕೆ ಇಳಿಯುವುದು ಬೇರೆಯೇ ಕೆಲಸ. ಅಳೆದು ನೋಡಿದಾಗ ಎಷ್ಟೋ ಕಡೆ ಸಿಕ್ಕಿದ್ದು ಕಲ್ಲುಗುಡ್ಡ, ನದಿಯ ಮರಳು, ವ್ಯಾಜ್ಯದಲ್ಲಿದ್ದ ಭೂಮಿ. ತಂದೆ ಕೊಟ್ಟ ಮಾತನ್ನು ಮಕ್ಕಳು ಒಪ್ಪದ ಪ್ರಸಂಗಗಳೂ ಉಂಟು. ಒಳ್ಳೆಯ ನೆಲ ಪಡೆದವನಿಗೂ ಎತ್ತು, ಬೀಜ, ಬಾವಿಗಳಿಲ್ಲದಿದ್ದರೆ ಉಳುವುದು ಹೇಗೆ? ದಾನದ ನೆಲಕ್ಕೆ ಶಾಸನದ ಬಲ ಕೊಡಲು ಬಿಹಾರದಲ್ಲಿ 1954ರಲ್ಲಿಯೇ ಕಾನೂನು ಬಂದಿತು. ಆದರೂ ಹಂಚಿಕೆಯು ದಾನದ ವೇಗವನ್ನು ಎಂದೂ ಹಿಡಿಯಲಿಲ್ಲ.

ಹೊತ್ತಿಗೆ ಯಾತ್ರೆಯ ದಿಕ್ಕೂ ಬದಲಾಗಿತ್ತು. ಬಿಡಿ ಎಕರೆಗಳ ಬದಲು ಇಡೀ ಊರಿನ ಭೂಮಿಯನ್ನು ಊರಿಗೇ ಒಪ್ಪಿಸುವ ಗ್ರಾಮದಾನವು ಮುಂದೆ ಬಂದಿತು. 1957ರಲ್ಲಿ ವಿನೋಬಾ ಕೇರಳದಿಂದ ಕನ್ನಡ ನಾಡಿಗೆ ಬಂದರು. ಸೆಪ್ಟೆಂಬರ್ 21 ಮತ್ತು 22ರಂದು ಮೈಸೂರಿನ ಸಮೀಪದ ಯಲವಾಲದಲ್ಲಿ ನಡೆದ ಗ್ರಾಮದಾನ ಪರಿಷತ್ತಿನಲ್ಲಿ ಪ್ರಧಾನಿ ನೆಹರೂ ಅವರೂ ಕೇರಳದ ಕಮ್ಯೂನಿಸ್ಟ್ ಮುಖ್ಯಮಂತ್ರಿ ನಂಬೂದಿರಿಪಾಡರೂ ಜೊತೆಯಲ್ಲಿ ಕುಳಿತು ಈ ಕಾರ್ಯಕ್ಕೆ ಬೆಂಬಲ ಸೂಚಿಸಿದರು. ವರ್ಷ ಮುಗಿಯಿತು, 5 ಕೋಟಿ ಎಕರೆ ದೊರೆಯಲಿಲ್ಲ. ದೊರೆತುದು ನಲವತ್ತು ಲಕ್ಷಕ್ಕಿಂತ ಕೊಂಚ ಹೆಚ್ಚು.

ಗಡುವು ಮೀರಿತೆಂದು ವಿನೋಬಾ ಕುಳಿತುಕೊಳ್ಳಲಿಲ್ಲ. ಅವರು ಪವನಾರಕ್ಕೆ ಹಿಂದಿರುಗಿದುದು 1964ರ ಏಪ್ರಿಲಿನಲ್ಲಿ, ನಡಿಗೆ ತೊಡಗಿ 13 ವರ್ಷಗಳಾದ ಮೇಲೆ. ಆ ಯಾತ್ರೆ ಗೆದ್ದಿತೇ ಸೋತಿತೇ ಎಂದು ಪಂಡಿತರು ಚರ್ಚಿಸುತ್ತಲೇ ಇದ್ದಾರೆ. ಗುರಿಯ ಲೆಕ್ಕದಲ್ಲಿ ಸೋತಿತೆನ್ನಬೇಕು. ಆದರೆ ದಾನದ ನೆಲ ನಿಜವಾಗಿ ಕೈಸೇರಿದ ಕುಟುಂಬಗಳ ಲೆಕ್ಕವೇ ಬೇರೆ. ಕೂಲಿಯಾಗಿದ್ದವನು ತನ್ನ ಹೊಲದ ಬದುವಿನ ಮೇಲೆ ನಿಂತು ಮೊದಲ ಮಳೆಗೆ ಕಾದ ದಿನ, ಅವನ ಪಾಲಿನ ಮೈಲಿಗಲ್ಲು ಅದೇ ಆಗಿತ್ತು.